ರೇಡಾರ್ ಡಿಟೆಕ್ಟರ್ ಮತ್ತು ಎರಡು ಬನ್ನು

ಸಾಮಾನ್ಯ ಚಾಲಕನೊಬ್ಬ ರೇಡಾರ್ ಡಿಟೆಕ್ಟರ್ ಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆಗೆ ಒಂದು ತಿಂಗಳಲ್ಲಿ ಲಿಖಿತ ಉತ್ತರ ಕೊಡುತ್ತೇನೆಂದು ನಮ್ಮೂರ ಚಾಲಕರ ಸಂಘಕ್ಕೆ ಮಾತು ಕೊಟ್ಟಿದ್ದೆ. ಈಗ ಐದು ತಿಂಗಳಾಯಿತು. ತಡವಾದದ್ದಕ್ಕೆ ಕ್ಷಮೆ ಕೇಳಿ ಮೂರು ಸಲ ಪತ್ರ ಬರೆದು ಮೂರನ್ನೂ ಹರಿದು ಹಾಕಿದೆ. ಕಾರಣ ಹೇಳದೆ ಕ್ಷಮೆ ಕೇಳುವುದು ಸರಿಯಲ್ಲ. ಕಾರಣ ಹೇಳಲು ಹೊರಟರೆ ಅದು ಪತ್ರದಲ್ಲಿ ಹಿಡಿಯುವುದಿಲ್ಲ. ಮೇಲಾಗಿ ಶನಿವಾರಗಳಂದು ಈಚೆಗೆ ನನಗೆ ಬೇರೆ ಊರಿಗೆ ಹೋಗಿಬರುವ ಕೆಲಸವಿರುತ್ತದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಇಲ್ಲಿ ಬರೆದಿದ್ದೇನೆ. ಉತ್ತರ ಕೊನೆಯಲ್ಲಿದೆ. ಅದು ಸಂಘಕ್ಕೆ ಉಪಯೋಗವಾಗುವಂಥ ಉತ್ತರವೇ ಎಂಬ ಬಗ್ಗೆ ನನಗೆ ಇನ್ನೂ ಅನುಮಾನವಿದೆ.

ನಮ್ಮೂರಿನಲ್ಲಿ ಯಾವ ವಾಹನವೂ ನಲವತ್ತರ ವೇಗ ಮೀರಬಾರದು. ಮೀರಿದರೆ ದಂಡವಿಲ್ಲ, ತಡೆದು ನಿಲ್ಲಿಸುವ ಪೊಲೀಸರೂ ಇಲ್ಲ. ಏಳು ರೇಡಾರ್ ಕಂಬಗಳಿವೆ, ಅಷ್ಟೇ. ನೋಡಲು ದೀಪದ ಕಂಬದ ಹಾಗೇ ಇರುತ್ತವೆ, ತೀರಾ ಹತ್ತಿರ ಹೋದಾಗ ಮಾತ್ರ ತುದಿಯಲ್ಲಿರುವ ಎರಡು ದುಂಡು ಕಣ್ಣು ಕಾಣುತ್ತವೆ. ಇವತ್ತು ಅಂಚೆ ಕಚೇರಿಯ ಮುಂದೆ ಇದ್ದದ್ದು ನಾಳೆ ಬೆಳಗಾಗುವುದರೊಳಗೆ ಕೆರೆ ಏರಿಯ ಮೇಲೆ ನಿಂತಿರುತ್ತದೆ. ಅದರ ಮುಂದೆ ನಲವತ್ತು ಮೀರಿ ಹಾದುಹೋದರೆ ವಾಹನದ ಹಾರ್ನು ತಾನಾಗಿಯೇ ಬಾಯಿ ತೆರೆದು, ಓಡಿಸುತ್ತಿರುವವರದೇ ದನಿಯಲ್ಲಿ, ಅವರಿಗೆ ಅವಸರ ಯಾಕೆ ಎಂಬುದನ್ನು ಹೇಳಿಬಿಡುತ್ತದೆ. ಒಂದೇ ಸಲ, ಎರಡು ಬೀದಿಗೆ ಕೇಳಿಸುವಷ್ಟು ಜೋರಾಗಿ.

ಹಾರ್ನಿಗೆ ಸುಳ್ಳು ಬರುವುದಿಲ್ಲ. ದಾರಿಯುದ್ದಕ್ಕೂ ‘ಅಮ್ಮನ ಔಷಧಿ, ಅಮ್ಮನ ಔಷಧಿ’ ಎಂದು ಜಪಿಸುತ್ತಾ ಓಡಿಸಿದ ಒಬ್ಬರ ಹಾರ್ನು, “ಇಸ್ಪೀಟಿಗೆ ಮೂರು ಜನ ಆಗಲೇ ಕೂತಿದ್ದಾರೆ” ಎಂದಿತು. ಆಂಬುಲೆನ್ಸು ಒಮ್ಮೆ ಸಂತೆಬೀದಿಯ ನಡುವೆ, “ರೋಗಿಗೆ ಏನೂ ಅವಸರವಿಲ್ಲ, ನನಗೆ ಮೂತ್ರಕ್ಕೆ ಅವಸರ” ಎಂದಿತ್ತು. ಮದುವೆಗೆ ಹೊರಟ ಗಂಡಿನ ಕಾರನ್ನು ನಮ್ಮಲ್ಲಿ ಇಪ್ಪತ್ತರಲ್ಲೇ ಓಡಿಸುತ್ತಾರೆ. ಮುಹೂರ್ತ ಮೀರಿದರೂ ಯಾರೂ ಗೊಣಗುವುದಿಲ್ಲ.

ಇಂಥ ಊರಿನಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಾಳಬೇಕಲ್ಲ, ಅದಕ್ಕೆ ಕೆಮ್ಮು ಬಂದಿದೆ. ಹಾರ್ನು ಮಾತಾಡಲು ಶುರುಮಾಡಿದ ಕೂಡಲೇ ಕಿವಿಗೆ ಬೀಳುವಷ್ಟು ದೂರದಲ್ಲಿರುವವರೆಲ್ಲ ಗಟ್ಟಿಯಾಗಿ ಕೆಮ್ಮಬೇಕು. ಇದು ಕಾನೂನಲ್ಲ, ಮರ್ಯಾದೆ. ನಮ್ಮ ಮಕ್ಕಳು ಕೈಮುಗಿಯುವುದಕ್ಕಿಂತ ಮೊದಲು ಕೆಮ್ಮಲು ಕಲಿಯುತ್ತಾರೆ. ಬೇಕೆಂದೇ ತಡವಾಗಿ ಕೆಮ್ಮುವವರೂ ಇದ್ದಾರೆ, ಅವರಿಗೆ ಊರಿನ ಸುದ್ದಿಯೆಲ್ಲ ಗೊತ್ತಿರುತ್ತದೆ, ಆದರೆ ಅವರ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ. ನನ್ನ ಅಕ್ಕ ಸುಭದ್ರೆಯದು ನಮ್ಮ ಬೀದಿಯಲ್ಲೇ ಹೆಸರುವಾಸಿ ಕೆಮ್ಮು. ಅವಳು ಬಾಗಿಲಲ್ಲಿ ನಿಂತು ಕೆಮ್ಮಿದರೆ ಲಾರಿಯ ಹಾರ್ನು ಕೂಡ ಪೂರ್ತಿ ಮುಚ್ಚಿಹೋಗುತ್ತದೆ. ಹೊಸ ಸೊಸೆ ಬಂದ ಮನೆಯವರು ಮೊದಲ ವಾರ ಅವಳನ್ನು ಜಗಲಿಯ ಮೇಲೆ ಕೂರಲು ಕರೆಯುವುದುಂಟು.

ನಾನು ಬೇಕರಿಯ ವ್ಯಾನು ಓಡಿಸುತ್ತೇನೆ. ಮುಂಜಾನೆ ಬ್ರೆಡ್ಡು, ಸಂಜೆ ಬನ್ನು. ಸಂಜೆಯ ಸುತ್ತು ಮುಗಿಸಿ ಆರೂವರೆಗೆ ಸಂಜೆ ಕಾಲೇಜಿಗೆ ಹೋಗುತ್ತಿದ್ದೆ. ನಲವತ್ತು ದಾಟಿದ ವಯಸ್ಸಿನಲ್ಲಿ ಬಿ.ಎ. ಮೂರನೆಯ ವರ್ಷ. ಹದಿಮೂರು ವರ್ಷದಲ್ಲಿ ನನ್ನ ವ್ಯಾನಿನ ಮುಳ್ಳು ಒಮ್ಮೆಯೂ ಮೂವತ್ತೆಂಟು ದಾಟಿರಲಿಲ್ಲ. ಜನ ಇದನ್ನು ಶಿಸ್ತು ಎಂದುಕೊಂಡಿದ್ದರು. ಅದು ಹೆದರಿಕೆ. ಮೊದಲ ಹನ್ನೊಂದು ವರ್ಷ ಸುಮ್ಮನೆ ಹೆದರಿಕೆ, ಕೊನೆಯ ಎರಡು ವರ್ಷ ಕಾರಣವಿದ್ದ ಹೆದರಿಕೆ.

ಕಾರಣದ ಹೆಸರು ಕಮಲಾಕ್ಷಿ. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರು, ತರಗತಿಯಲ್ಲಿ ನನ್ನ ಮುಂದಿನ ಬೆಂಚು. ಆರೂಕಾಲಿಗೆ ಸ್ಕೂಟರಿನಲ್ಲಿ ಬಂದು, ಗಂಟೆ ಹೊಡೆಯುವವರೆಗೆ ಹಜಾರದಲ್ಲಿ ನಿಂತು ನೋಟೀಸು ಬೋರ್ಡು ಓದುತ್ತಿದ್ದರು. ನಾನೂ ಪಕ್ಕದಲ್ಲಿ ನಿಂತು ಅದನ್ನೇ ಓದುತ್ತಿದ್ದೆ. ಎರಡು ವರ್ಷದಲ್ಲಿ ಆ ಬೋರ್ಡಿನಲ್ಲಿದ್ದದ್ದೆಲ್ಲ ನನಗೆ ಬಾಯಿಪಾಠವಾಗಿತ್ತು. ದಿನವೂ ಸಂಜೆ ಒಲೆಯಿಂದ ಇಳಿದ ಮೊದಲ ಟ್ರೇಯಿಂದ ಎರಡು ಬನ್ನು ಆರಿಸಿ, ನನ್ನ ಲೆಕ್ಕಕ್ಕೆ ಬರೆಸಿ, ಕಾಗದದಲ್ಲಿ ಸುತ್ತಿ ಪಕ್ಕದ ಸೀಟಿನ ಮೇಲೆ ಇಟ್ಟುಕೊಂಡು ಹೊರಡುತ್ತಿದ್ದೆ, ಅವರಿಗೆ ಕೊಡಬೇಕೆಂದು. ದಿನವೂ ಹಾಗೇ ವಾಪಸು ತರುತ್ತಿದ್ದೆ. ಅಕ್ಕ ತಿನ್ನುತ್ತಿದ್ದಳು. ಒಂದೇ ಒಂದು ದಿನ ಕಂಬದ ಮುಂದೆ ಕಾಲು ಜಾರಿ ವೇಗ ಹೆಚ್ಚಿದರೆ ಹಾರ್ನು ಏನು ಹೇಳುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಗಡಿಯಾರ ರಿಪೇರಿಯ ನೀಲಕಂಠಪ್ಪ ಪರಊರಿನಿಂದ ಡಿಟೆಕ್ಟರುಗಳನ್ನು ತರಿಸಿದ್ದು ಆ ಸಮಯಕ್ಕೇ. ಸಾಬೂನಿನ ಪೆಟ್ಟಿಗೆಯಷ್ಟು ಕಪ್ಪು ಡಬ್ಬಿ. ಗಾಜಿನ ಹಿಂದೆ ಅಂಟಿಸಿಕೊಂಡರೆ ಮುಂದೆ ಎಲ್ಲೋ ಕಂಬವಿದೆ ಎಂಬುದನ್ನು ಮೊದಲೇ ಅರಿತು ಕೀಕೀ ಎಂದು ಕೂಗುತ್ತದೆ ಎಂದರು. ಸಂಘದ ಸಭೆಯಲ್ಲಿ ದೊಡ್ಡ ವಾದವಾಯಿತು. ಕೊನೆಗೆ ಅಧ್ಯಕ್ಷರಾದ ಮರಿಗೌಡರು ಮೇಜು ಕುಟ್ಟಿ, “ಒಂದನ್ನ ಚಂದ್ರಮೌಳಿ ಕೈಗೆ ಕೊಡಿ. ಒಂದು ತಿಂಗಳು ನೋಡ್ಲಿ. ಊರಲ್ಲಿ ಅವನಷ್ಟು ಪುಕ್ಕಲು ಡ್ರೈವರು ಇನ್ನೊಬ್ಬನಿಲ್ಲ. ಅವನಿಗೇ ಉಪಯೋಗ ಇಲ್ಲ ಅಂದ್ರೆ ಇನ್ಯಾರಿಗೂ ಇಲ್ಲ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗಾದದ್ದು ಗೌರವವೋ ಅವಮಾನವೋ ತಿಳಿಯದೆ ಎದ್ದು ನಿಂತು ಕೈಮುಗಿದೆ.

ಅಕ್ಕ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಮೂವತ್ತೆಂಟರಲ್ಲಿ ಹೋಗೋನಿಗೆ ಇದ್ಯಾಕೋ? ಮನೆ ಒಳಗೆ ಕೂತು ಕೊಡೆ ಹಿಡ್ಕೊಂಡ ಹಾಗಾಯ್ತು.”

“ಮುಳ್ಳು ತಪ್ಪು ತೋರಿಸ್ತಿದ್ರೆ, ಅಕ್ಕ?”

“ಹದಿಮೂರು ವರ್ಷದಿಂದ ಸರಿ ತೋರಿಸಿದೆಯಲ್ಲ.”

“ಇಳಿಜಾರಲ್ಲಿ ಗಾಡಿ ತಾನಾಗೇ ಓಡಿದ್ರೆ?”

“ಬ್ರೇಕು ಅಂತ ಒಂದು ಇಟ್ಟಿರ್ತಾರೆ.”

“ಹಿಂದಿನಿಂದ ಜೋರು ಗಾಳಿ ಬೀಸಿದ್ರೆ?”

ಅಕ್ಕ ಕಾಗದ ಬಿಚ್ಚಿ ಎರಡನೆಯ ಬನ್ನು ತೆಗೆದುಕೊಂಡು, “ನಿನ್ನ ಹಾರ್ನು ಏನು ಹೇಳುತ್ತೆ ಅನ್ನೋದನ್ನ ನಾನು ಎರಡು ವರ್ಷದಿಂದ ತಿಂತಾ ಇದೀನಿ” ಎಂದಳು. ನಾನು ಕೇಳಿಸದವನಂತೆ ಕೆಮ್ಮಿದೆ.

ಮೊದಲ ವಾರದ ಅನುಭವವನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಡಿಟೆಕ್ಟರು ನಲವತ್ತೊಂದು ಸಲ ಕೂಗಿತು. ಅದರಲ್ಲಿ ನಿಜವಾದ ಕಂಬ ಆರು. ಉಳಿದದ್ದರಲ್ಲಿ ಹೆಚ್ಚಿನದು ಸಂತೆಬೀದಿಯ ಸೀರೆ ಅಂಗಡಿಯದು. ಆ ಅಂಗಡಿಗೆ ಯಾರಾದರೂ ಹತ್ತಿರ ಬಂದರೆ ತಾನಾಗಿ ತೆರೆದುಕೊಳ್ಳುವ ಗಾಜಿನ ಬಾಗಿಲಿದೆ. ಡಿಟೆಕ್ಟರಿಗೆ ಆ ಬಾಗಿಲಿಗೂ ಕಂಬಕ್ಕೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಸೀರೆ ಕೊಳ್ಳಲು ಹೆಂಗಸರು ಹೆಚ್ಚು ಬಂದ ದಿನ ಅದು ಬಾಯಿ ಮುಚ್ಚುತ್ತಲೇ ಇರಲಿಲ್ಲ. ಕೂಗಿದ್ದು ಕಂಬಕ್ಕೋ ಸೀರೆಗೋ ಎಂದು ಯೋಚಿಸುವಷ್ಟು ಗಟ್ಟಿ ಎದೆ ನನಗಿಲ್ಲ. ಕೂಗಿದೊಡನೆ ಬ್ರೇಕು ಒತ್ತುತ್ತಿದ್ದೆ. ಮೂವತ್ತಾರರಲ್ಲಿ ಹೋಗುತ್ತಿದ್ದರೂ ಒತ್ತುತ್ತಿದ್ದೆ. ಹಿಂದೆ ಟ್ರೇಗಳು ಒಂದರ ಮೇಲೊಂದು ಜಾರಿ ಬನ್ನುಗಳು ಅಪ್ಪಚ್ಚಿಯಾಗುತ್ತಿದ್ದವು.

ಬಸ್ ನಿಲ್ದಾಣದ ಹೋಟೆಲಿನ ವಾದಿರಾಜರು ಒಂದು ಬನ್ನನ್ನು ಎರಡು ಬೆರಳಲ್ಲಿ ಹಿಡಿದು ದಪ್ಪ ನೋಡಿ, “ಇವತ್ತು ನಾಲ್ಕು ಸಲ ಕೂಗಿದೆ ಅಲ್ವೇನ್ರಿ?” ಎಂದರು.

“ಐದು” ಎಂದೆ. ನಿಜ ಹೇಳಬೇಕಲ್ಲ.

“ನಾನು ಕೋಪ ಮಾಡ್ಕೋತೀನಿ ಅಂದ್ಕೊಂಡ್ರಾ? ಚಪ್ಪಟೆ ಇದ್ರೆ ಬೆಣ್ಣೆ ಚೆನ್ನಾಗಿ ಹಿಡಿಯುತ್ತೆ. ಗಿರಾಕಿಗಳು ಡಿಟೆಕ್ಟರ್ ಬನ್ನು ಕೊಡಿ ಅಂತ ಕೇಳ್ತಿದಾರೆ. ನಾಳೆ ಒಂದು ಎಂಟು ಸಲ ಕೂಗಿಸೋಕಾಗುತ್ತಾ ನೋಡಿ.” ಹೀಗೆ ಹೇಳಿ ಅವರು ದನಿ ತಗ್ಗಿಸಿದರು. “ಅದಿರಲಿ, ನಿಮ್ಮಂಥೋರಿಗೆ ಮುಚ್ಚಿಡುವಂಥದ್ದು ಏನಿದೆ? ನನಗೊಬ್ಬನಿಗೆ ಹೇಳಿ. ನಾನು ಜೋರಾಗಿ ಕೆಮ್ತಾ ಕೇಳಿಸ್ಕೋತೀನಿ.”

ಅವರೊಬ್ಬರೇ ಅಲ್ಲ. ಡಿಟೆಕ್ಟರು ಗಾಜಿಗೆ ಅಂಟಿದ ದಿನದಿಂದ ಊರೆಲ್ಲ ಅದೇ ಮಾತು. ಹದಿಮೂರು ವರ್ಷ ನನ್ನ ಬಗ್ಗೆ ಯಾರೂ ಏನೂ ಯೋಚಿಸಿರಲಿಲ್ಲ. ಈಗ, ಚಂದ್ರಮೌಳಿಗೆ ಪಕ್ಕದ ಊರಲ್ಲಿ ಇನ್ನೊಂದು ಸಂಸಾರವಿದೆ ಎಂದು ಒಬ್ಬರು, ಮೊದಲನೆಯದೇ ಇಲ್ಲವಲ್ಲ ಎಂದು ಇನ್ನೊಬ್ಬರು. ಬನ್ನಿನ ಹಿಟ್ಟಿನ ಬಗ್ಗೆ ಏನೋ ಇದೆ ಎಂದು ಮೂರನೆಯವರು. ಹಾರ್ನಾದರೆ ಒಂದು ಸಲ ಹೇಳಿ ಸುಮ್ಮನಾಗುತ್ತದೆ, ಅದಕ್ಕೆ ಕೆಮ್ಮೂ ಇದೆ. ಈ ಡಬ್ಬಿ ‘ಇವನ ಹತ್ತಿರ ಏನೋ ಇದೆ’ ಎಂದು ದಿನವಿಡೀ ಸಾರುತ್ತಿತ್ತು, ಅದಕ್ಕೆ ಯಾರೂ ಕೆಮ್ಮುತ್ತಿರಲಿಲ್ಲ.

ನೋಟೀಸು ಬೋರ್ಡಿನ ಮುಂದೆ ಕಮಲಾಕ್ಷಿಯವರೂ ಕೇಳಿದರು. “ಚಂದ್ರಮೌಳಿಯವರೇ, ಆ ಡಿಟೆಕ್ಟರು ಕೊಳ್ಳೋದು ಒಳ್ಳೇದಾ? ನನಗೂ ಒಂದು ತಗೊಳ್ಳೋಣ ಅಂತ.”

“ಇನ್ನೂ ಹತ್ತೊಂಬತ್ತು ದಿನ ನೋಡದೆ ಹೇಳೋಕೆ ಬರಲ್ಲ” ಎಂದೆ. ಆಮೇಲೆ ಹೆದರಿಕೆಯಾಯಿತು. “ನಿಮಗೆ ಯಾಕೆ ಬೇಕು?”

“ನಿಮಗೆ ಯಾಕೆ ಬೇಕಾಯ್ತು?”

“ಸಂಘದ ಕೆಲಸ.”

“ಓಹೋ” ಎಂದು ಅವರು ಬೋರ್ಡಿನ ಕಡೆ ತಿರುಗಿದರು. ಕಳೆದ ವರ್ಷದ ಕಬಡ್ಡಿ ಪಂದ್ಯದ ನೋಟೀಸನ್ನು ಇಬ್ಬರೂ ಗಂಟೆ ಹೊಡೆಯುವವರೆಗೆ ಓದಿದೆವು.

ಎರಡನೆಯ ವಾರದಿಂದ ನನ್ನ ಹಿಂದೆ ಮೆರವಣಿಗೆ ಶುರುವಾಯಿತು. ಡಿಟೆಕ್ಟರ್ ಇಲ್ಲದವರು, ಇರುವವನ ಬ್ರೇಕಿನ ಕೆಂಪು ದೀಪ ನೋಡಿಕೊಂಡು ಹೋದರೆ ಸಾಕೆಂದು ಕಂಡುಕೊಂಡಿದ್ದರು. ಸಂಜೆ ನಾನು ಬೇಕರಿಯಿಂದ ಹೊರಟರೆ ಎಂಟೊಂಬತ್ತು ಸ್ಕೂಟರು, ಮೋಟಾರ್ ಬೈಕು ಹಿಂದೆ ಬರುತ್ತಿದ್ದವು. ಎಲ್ಲರಿಗಿಂತ ಹಿಂದೆ ಮರಿಗೌಡರ ಜೀಪು. ನನ್ನಿಂದಾಗಿ ಒಂಬತ್ತು ಜನ ತಡವಾಗುತ್ತಿದ್ದಾರಲ್ಲ ಎಂಬ ಸಂಕಟಕ್ಕೆ ನಾನು ಮೂವತ್ತೊಂಬತ್ತಕ್ಕೆ ಏರಿಸಿದೆ. “ಇನ್ನೊಂಚೂರು ಬಿಡಿ ಸಾರ್” ಎಂದು ಹಿಂದಿನಿಂದ ಕೂಗುತ್ತಿದ್ದರು. ಆ ಒಂದು ಹೆಚ್ಚಿನ ಅಂಕಿಗೇ ನನಗೆ ಅಂಗೈ ಬೆವರುತ್ತಿತ್ತು.

ಮೂರನೆಯ ವಾರದ ಮಂಗಳವಾರ ನಮ್ಮ ಬೀದಿಯ ತಿರುವಿನಲ್ಲಿ ಒಂದು ಎಮ್ಮೆ ಅಡ್ಡ ಬಂತು. ನಾನು ದಾಟಿ ಬಂದಿದ್ದೆ, ಮೆರವಣಿಗೆ ಹಿಂದೆ ಉಳಿಯಿತು. ನನ್ನನ್ನು ಹಿಡಿಯಲು ಅವರೆಲ್ಲ ಒಟ್ಟಿಗೆ ಐವತ್ತರ ಮೇಲೆ ಬಂದರು. ಕಂಬ ನಮ್ಮ ಮನೆಯ ಎದುರಿಗೇ ಇತ್ತು. ಡಿಟೆಕ್ಟರು ಕೂಗಿತೇನೋ ಸರಿ, ಕಂಬ ದಾಟಿದ ಮೇಲೆ ಕೂಗಿತು. ಒಂಬತ್ತು ಹಾರ್ನು ಒಂದರ ಬೆನ್ನಿಗೊಂದು ಬಾಯಿಬಿಟ್ಟವು. “ಭಾವ ಬರೋದರೊಳಗೆ ಕೋಳಿ ಸಾರು ಮುಗಿಸಬೇಕು.” “ಧಾರಾವಾಹಿಯಲ್ಲಿ ಇವತ್ತು ಅವಳಿಗೆ ನೆನಪು ವಾಪಸು ಬರುತ್ತೆ.” “ತಲೆಗೆ ಬಣ್ಣ ಹಚ್ಚಿ ಆಗಲೇ ಮುಕ್ಕಾಲು ಗಂಟೆ ಆಯ್ತು.” ಬೀದಿಯಲ್ಲಿದ್ದವರ ಕೆಮ್ಮು ಸಾಲಲಿಲ್ಲ. ಅಕ್ಕ ಒಳಗಿನಿಂದ ಸೌಟು ಹಿಡಿದೇ ಓಡಿಬಂದು, ಜಗಲಿಯ ಕಂಬ ಹಿಡಿದು, ಒಬ್ಬಳೇ ಆ ಒಂಬತ್ತಕ್ಕೂ ಕೆಮ್ಮಿದಳು. ಐದು ಮುಚ್ಚಿಹೋದವು. ಕೊನೆಗೆ ಬಂದ ಜೀಪಿನ ಹೊತ್ತಿಗೆ ಅವಳ ಉಸಿರು ಮುಗಿದಿತ್ತು. ಮರಿಗೌಡರ ಗಡಸು ದನಿ ಇಡೀ ಬೀದಿಗೆ ಸ್ಪಷ್ಟವಾಗಿ ಕೇಳಿಸಿತು: “ಎಲ್ಲಿಗೂ ಇಲ್ಲ. ಎಲ್ಲರೂ ಹೋಗ್ತಿದಾರಲ್ಲ ಅಂತ ನಾನೂ ಬಂದೆ.”

ಜೀಪು ಸ್ವಲ್ಪ ದೂರ ಹೋಗಿ ನಿಂತಿತು. ಅಕ್ಕ ಒಂದು ಲೋಟ ನೀರು ತೆಗೆದುಕೊಂಡು ಅಲ್ಲಿಗೆ ಹೋದಳು. “ಗೌಡರೇ, ಸಂಜೆ ಹೊತ್ತು ಮನೇಲಿ ಬೇಜಾರಾದ್ರೆ ನಮ್ಮ ಜಗಲಿಗೆ ಬಂದು ಕೂತ್ಕೊಳಿ. ಬನ್ನು ಇರುತ್ತೆ” ಎಂದಳು. ಅವರು ನೀರು ಕುಡಿದು, “ಎಷ್ಟು ಹೊತ್ತಿಗೆ ಬರ್ಲಿ ತಾಯಿ?” ಎಂದು ಕೇಳಿದರು. ಮರುದಿನದಿಂದ ಮೆರವಣಿಗೆ ನಿಂತಿತು. ಆ ವಾರ ನನ್ನ ಪುಸ್ತಕದಲ್ಲಿ ಏನೂ ಬರೆಯಲಾಗಲಿಲ್ಲ. ಒಂಬತ್ತು ಜನರ ಮಾನ ನನ್ನ ಬ್ರೇಕಿನ ದೀಪವನ್ನು ನಂಬಿತ್ತು ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು.

ನಾಲ್ಕನೆಯ ವಾರ ಸೋಮವಾರ ಕಮಲಾಕ್ಷಿಯವರು ಬೋರ್ಡಿನ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದರು. “ನನಗೆ ವರ್ಗ ಆಗಿದೆ. ಶುಕ್ರವಾರ ಕೊನೇ ತರಗತಿ. ಕ್ಲಾಸು ಮುಗಿದ ಕೂಡಲೇ ಅಣ್ಣ ಬರ್ತಾನೆ, ಸಾಮಾನು ಕಟ್ಟಬೇಕು. ಬೆಳಗ್ಗೆ ಹೊರಡೋದು. ಪರೀಕ್ಷೆ ಅಲ್ಲೇ ಬರೀತೀನಿ.”

“ದೂರವೇ?”

“ಬಸ್ಸಲ್ಲಿ ಮೂರು ಗಂಟೆ. ಅಲ್ಲಿ ಕಂಬ ಇಲ್ಲವಂತೆ. ಹಾರ್ನು ಬರೀ ಪೋಂ ಪೋಂ ಅನ್ನುತ್ತಂತೆ.” ಆಮೇಲೆ, “ಅಲ್ಲಿನ ಜನ ಒಬ್ಬರ ಮನಸ್ಸು ಒಬ್ಬರು ಹೇಗೆ ತಿಳ್ಕೊಳ್ತಾರೋ” ಎಂದರು.

ನಾನು ಏನಾದರೂ ಹೇಳಬೇಕಿತ್ತು. “ಅಲ್ಲಿ ಡಿಟೆಕ್ಟರು ಬೇಕಾಗಲ್ಲ” ಎಂದೆ. ಆ ಮಾತಿಗಾಗಿ ಮೂರು ದಿನ ನನ್ನನ್ನು ನಾನೇ ಬೈದುಕೊಂಡೆ. ಶುಕ್ರವಾರ ಆರೂಕಾಲಿನಿಂದ ಆರೂವರೆಯವರೆಗೆ ಹದಿನೈದು ನಿಮಿಷ ಉಳಿದಿತ್ತು. ಅಷ್ಟರಲ್ಲಿ ಬನ್ನು ಕೊಡಬೇಕು. ಬನ್ನು ಕೊಟ್ಟರೆ ಉಳಿದದ್ದು ಅವರಿಗೇ ತಿಳಿಯುತ್ತದೆ, ತಿಳಿಯದಿದ್ದರೆ ಕೊನೆಯ ಪಕ್ಷ ಬನ್ನಾದರೂ ತಿನ್ನುತ್ತಾರೆ ಎಂದುಕೊಂಡೆ.

ಶುಕ್ರವಾರ ಮುಂಜಾನೆ ಬ್ರೆಡ್ಡು ಹಾಕಲು ಹೋದಾಗಲೇ ನೋಡಿದೆ, ಕಾಲೇಜಿನ ಗೇಟಿನ ಪಕ್ಕ ಒಂದು ಕಂಬ ಹೆಚ್ಚಾಗಿತ್ತು. ಇರಲಿ, ನನ್ನದು ಮೂವತ್ತೆಂಟು, ನನಗೇನು ಎಂದುಕೊಂಡೆ. ಸಂಜೆ ಅತ್ಯಂತ ದುಂಡಗಿನ ಎರಡು ಬನ್ನು ಆರಿಸಿ ಸುತ್ತಿಟ್ಟೆ. ಹತ್ತು ನಿಮಿಷ ಮೊದಲೇ ಹೊರಟೆ. ಆದರೆ ಅವತ್ತು ಸೀರೆ ಅಂಗಡಿಯಲ್ಲಿ ರಿಯಾಯಿತಿಯ ಮೊದಲ ದಿನ. ಬಾಗಿಲು ಮುಚ್ಚಿಕೊಳ್ಳಲು ಪುರುಸೊತ್ತೇ ಇರಲಿಲ್ಲ. ಡಿಟೆಕ್ಟರು ಕಿವಿ ಹರಿಯುವಂತೆ ಕೂಗಿತು, ನನ್ನ ಕಾಲು ಬ್ರೇಕನ್ನು ತುಳಿಯಿತು, ಹಿಂದಿನ ಬಾಗಿಲಿನ ಚಿಲಕ ಕಳಚಿ ಕೊನೆಯ ಟ್ರೇ ರಸ್ತೆಗೆ ಹಾರಿತು. ಇಪ್ಪತ್ತನಾಲ್ಕು ಬನ್ನು ಚರಂಡಿಯತ್ತ ಉರುಳಿದವು. ಸೀಟಿನ ಮೇಲಿದ್ದ ಪೊಟ್ಟಣ ಕೆಳಗೆ ಬಿತ್ತು, ಅದರ ಮೇಲೆ ಚಕ್ರ ಬದಲಿಸುವ ಜಾಕು ಬಿತ್ತು.

ರಸ್ತೆಯಲ್ಲಿ ಬಿದ್ದ ಬನ್ನನ್ನು ಜನರಿಗೆ ತಿನ್ನಿಸಲು ಬರುವುದಿಲ್ಲ. ವಾದಿರಾಜರ ಹೋಟೆಲಿಗೆ ಬನ್ನಿಲ್ಲದೆ ಹೋಗಲೂ ಬರುವುದಿಲ್ಲ. ವಾಪಸು ಬೇಕರಿಗೆ ಹೋಗಿ, ಹೊಸ ಟ್ರೇ ತುಂಬಿಸಿ, ಹೋಟೆಲಿಗೆ ಇಳಿಸಿದೆ. ವಾದಿರಾಜರು ಬನ್ನು ಹಿಡಿದು, “ಇದೇನ್ರಿ ಇವತ್ತು ಇಷ್ಟು ಉಬ್ಬಿದೆ?” ಎಂದು ಬೇಸರದಿಂದ ಕೇಳಿದರು. ನಾನು ವ್ಯಾನಿಗೆ ಓಡಿದೆ. ಗಡಿಯಾರದಲ್ಲಿ ಆರು ಇಪ್ಪತ್ತನಾಲ್ಕು. ಕಾಲೇಜಿಗೆ ಕೆರೆ ಏರಿಯ ರಸ್ತೆಯಲ್ಲಿ ನಾಲ್ಕು ಕಿಲೋಮೀಟರು. ಮೂವತ್ತೆಂಟರಲ್ಲಿ ಹೋದರೆ ಗಂಟೆ ಹೊಡೆದ ಮೇಲೆ ತಲುಪುತ್ತೇನೆ. ಲೆಕ್ಕದಲ್ಲಿ ನಾನು ದುರ್ಬಲನಾದರೂ ಈ ಲೆಕ್ಕ ತಪ್ಪಿರಲಿಲ್ಲ.

ಏರಿಯ ಮೇಲೆ ಮುಳ್ಳು ನಲವತ್ತು ದಾಟಿದ್ದನ್ನು ನಾನು ಬೇರೆ ಯಾರದೋ ವ್ಯಾನಿನದೆಂಬಂತೆ ನೋಡಿದೆ. ನಲವತ್ತೈದು. ಐವತ್ತೆರಡು. ವ್ಯಾನಿನ ತಗಡುಗಳೆಲ್ಲ ನಡುಗುತ್ತಿದ್ದವು. ಹದಿಮೂರು ವರ್ಷದಲ್ಲಿ ಅವುಗಳಿಗೂ ಇದು ಹೊಸದು. ಹಿಂದೆ ಯಾವುದೋ ಗಾಡಿಯ ಸದ್ದು ಕೇಳುತ್ತಿತ್ತು, ತಿರುಗಿ ನೋಡುವ ಧೈರ್ಯವಿರಲಿಲ್ಲ. ಗೇಟು ಕಾಣುತ್ತಲೇ ಡಿಟೆಕ್ಟರು ಕೂಗಲು ಶುರುಮಾಡಿತು. ಒಂದು ತಿಂಗಳಲ್ಲಿ ಮೊದಲ ಬಾರಿಗೆ ಸರಿಯಾದ ಕಂಬಕ್ಕೆ, ಸರಿಯಾದ ಸಮಯಕ್ಕೆ, ಬೇಕಾದಷ್ಟು ಮೊದಲೇ ಕೂಗಿತು. ಬ್ರೇಕು ಒತ್ತಲು ಸಾಕಷ್ಟು ಸಮಯವಿತ್ತು. ಇದನ್ನು ಸಂಘದವರು ಗಮನಿಸಬೇಕು, ಯಂತ್ರದ ಮೇಲೆ ಸುಮ್ಮನೆ ಅಪವಾದ ಹೊರಿಸಲು ನನಗೆ ಇಷ್ಟವಿಲ್ಲ. ಒತ್ತದೇ ಇದ್ದದ್ದು ನಾನು.

ಹಜಾರದ ತುಂಬ ಜನ. ಪ್ರಾಂಶುಪಾಲರು, ಗಂಟೆ ಹೊಡೆಯಲು ಸುತ್ತಿಗೆ ಎತ್ತಿದ್ದ ಜವಾನ ಸಿದ್ಧಪ್ಪ, ಮೂರೂ ವರ್ಷದ ತರಗತಿಗಳು. ಹಾರ್ನು ನನ್ನ ದನಿಯಲ್ಲಿ, ಆದರೆ ನನ್ನ ನಡುಕವಿಲ್ಲದೆ ಹೇಳಿತು: “ಕಮಲಾಕ್ಷಿಯವರಿಗೆ ಎರಡು ಬನ್ನು ತಂದಿದ್ದೇನೆ. ಎರಡು ವರ್ಷದಿಂದ ದಿನವೂ ತರುತ್ತಿದ್ದೇನೆ. ಒಂದು ದಿನವೂ ಕೊಡಲು ಧೈರ್ಯ ಬಂದಿಲ್ಲ.”

ಅಷ್ಟೂ ಜನ ಕೆಮ್ಮಿದರು. ನಮ್ಮ ಕಾಲೇಜಿನ ಬಗ್ಗೆ ಯಾರು ಏನೇ ಹೇಳಲಿ, ಒಬ್ಬರೂ ತಡವಾಗಿ ಕೆಮ್ಮಲಿಲ್ಲ. ಪ್ರಾಂಶುಪಾಲರಂತೂ ಕನ್ನಡಕ ಬಿದ್ದುಹೋಗುವಂತೆ ಕೆಮ್ಮಿದರು. ನಾನು ನೋಟೀಸು ಬೋರ್ಡಿನ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಕಮಲಾಕ್ಷಿಯವರು ಬಂದೇ ಇರಲಿಲ್ಲ. ಎರಡು ವರ್ಷ ಕಾಪಾಡಿಕೊಂಡದ್ದನ್ನು, ಕೇಳಬೇಕಾದ ಒಬ್ಬರು ಇಲ್ಲದ ಹೊತ್ತಿನಲ್ಲಿ ಊರಿಗೆಲ್ಲ ಹೇಳಿಬಿಟ್ಟಿದ್ದೆ.

ಆಗಲೇ ಹಿಂದೆ ಒಂದು ಸ್ಕೂಟರು ಗೇಟಿನೊಳಕ್ಕೆ ನುಗ್ಗಿತು. ಕಂಬದ ಮುಂದೆ ಅದು ನಲವತ್ತು ಮೀರಿತ್ತು ಎಂಬುದು ಹಾರ್ನು ಬಾಯಿಬಿಟ್ಟ ಕೂಡಲೇ ತಿಳಿಯಿತು. ಹೆಂಗಸಿನ ದನಿ ‘ಚಂದ್ರ—’ ಎಂದಿತು. ಅಷ್ಟೇ ನನಗೆ ಕೇಳಿಸಿದ್ದು. ಮೂರನೆಯ ವಯಸ್ಸಿನಲ್ಲಿ ಅಮ್ಮ ಕಲಿಸಿದ್ದು, ನಲವತ್ತು ವರ್ಷ ಒಂದು ಸಲವೂ ತಪ್ಪದೆ ಮಾಡಿಕೊಂಡು ಬಂದದ್ದು, ತಾನಾಗಿಯೇ ಎದೆಯಿಂದ ಎದ್ದು ಬಂತು. ನಾನು ಕೆಮ್ಮಿದೆ. ಅಕ್ಕನ ತಮ್ಮನಲ್ಲವೇ, ಜೋರಾಗಿಯೇ ಕೆಮ್ಮಿದೆ. ಹಜಾರದವರೂ ಕೆಮ್ಮಿದರು. ನಾವೆಲ್ಲ ನಿಲ್ಲಿಸುವ ಹೊತ್ತಿಗೆ ಹಾರ್ನು ಹೇಳಿ ಮುಗಿಸಿತ್ತು.

ಕಮಲಾಕ್ಷಿಯವರು ಸ್ಕೂಟರು ನಿಲ್ಲಿಸಿ, ಹೆಲ್ಮೆಟ್ಟು ತೆಗೆದು, ವ್ಯಾನಿನ ಕಿಟಕಿಯ ಹತ್ತಿರ ಬಂದರು. ಸೀರೆಯ ಸೆರಗಿಗೆ ಒಣಹುಲ್ಲು ಅಂಟಿತ್ತು.

“ಹಸು ಕರು ಹಾಕೋದು ತಡ ಆಯ್ತು. ಏರಿ ಮೇಲಿಂದ ನಿಮ್ಮ ಹಿಂದೇನೇ ಇದ್ದೆ” ಎಂದರು. “ಪೂರ್ತಿ ಕೇಳಿಸ್ತು.”

“ನೀವು ಕೆಮ್ಮಲಿಲ್ವಾ?” ಎಂದೆ. ನನಗೆ ಬಂದ ಮೊದಲ ಮಾತು ಅದು.

“ಇಲ್ಲ.” ನಮ್ಮೂರಿನಲ್ಲಿ ಒಂದು ಹೆಣ್ಣು ಗಂಡಿಗೆ ಇದಕ್ಕಿಂತ ದೊಡ್ಡ ಮಾತು ಹೇಳಿದ್ದನ್ನು ನಾನು ಕೇಳಿಲ್ಲ. “ಬನ್ನು ಎಲ್ಲಿ?”

ಪೊಟ್ಟಣ ಕೊಟ್ಟೆ. ಬಿಚ್ಚಿ ನೋಡಿದರು. ಎರಡೂ ಹಪ್ಪಳದಂತಾಗಿದ್ದವು. “ಜಾಕು ಬಿತ್ತು” ಎಂದೆ. “ಉಳಿದ ದಿನದ್ದೆಲ್ಲ ಚೆನ್ನಾಗಿದ್ದವು. ಬೇಕಿದ್ರೆ ಅಕ್ಕನ್ನ ಕೇಳಿ.”

ಅವರು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ತಿಂದರು. ಆಮೇಲೆ, “ಸರಿ, ನನ್ನದಕ್ಕೆ ಏನು ಹೇಳ್ತೀರ?” ಎಂದರು.

ಸುಳ್ಳು ಹೇಳಬಹುದಿತ್ತು. ಕೇಳಿಸಿತು ಎಂದು ತಲೆಯಾಡಿಸಿದ್ದರೆ ಸಾಕಾಗಿತ್ತು. ಆದರೆ ನನ್ನಿಂದ ಆಗಲಿಲ್ಲ. “ನಿಮ್ಮದು ನನಗೆ ಕೇಳಿಸಲಿಲ್ಲ.”

“ಯಾಕೆ?”

“ಕೆಮ್ಮಿದೆ.”

ಕಮಲಾಕ್ಷಿಯವರು ನನ್ನನ್ನೇ ನೋಡಿದರು. ಹಸುವಿನ ಬಾಯಿಗೆ ಔಷಧಿ ಸುರಿಯುವ ಮೊದಲು ಅದರ ಮುಖವನ್ನು ಹೀಗೇ ನೋಡುತ್ತಾರೇನೋ ಅನ್ನಿಸಿತು. ಹಜಾರದತ್ತ ತಿರುಗಿ, “ನಿಮ್ಮಲ್ಲಿ ಯಾರಿಗಾದ್ರೂ ಕೇಳಿಸ್ತಾ?” ಎಂದರು. ಎಲ್ಲರೂ ಇಲ್ಲವೆಂದು ತಲೆಯಾಡಿಸಿದರು. ಪ್ರಾಂಶುಪಾಲರು ಕನ್ನಡಕ ಹುಡುಕುತ್ತಾ, “ಛೆ ಛೆ, ಒಂದಕ್ಷರ ಇಲ್ಲಮ್ಮ” ಎಂದರು. ಅದು ನಿಜವೋ ಸುಳ್ಳೋ ಗೊತ್ತಿಲ್ಲ. ಸಿದ್ಧಪ್ಪ ಸುತ್ತಿಗೆ ಎತ್ತಿದವನು ಹೊಡೆಯುವುದನ್ನು ಮರೆತು ನಿಂತೇ ಇದ್ದ.

“ಹಾಗಾದ್ರೆ ಇಲ್ಲೇ, ನನ್ನ ಬಾಯಲ್ಲೇ ಹೇಳ್ಬೇಕಾಯ್ತು” ಎಂದರು ಕಮಲಾಕ್ಷಿ. “ಮೊದಲು ಅದನ್ನ ಆಫ್ ಮಾಡಿ.”

ವ್ಯಾನು ಕಂಬದ ಪಕ್ಕದಲ್ಲೇ ನಿಂತಿದ್ದರಿಂದ ಡಿಟೆಕ್ಟರು ಇನ್ನೂ ಒಂದೇ ಸಮನೆ ಕೂಗುತ್ತಿತ್ತು. ಗುಂಡಿ ಒತ್ತಿದೆ.

ಸಂಘದ ಪ್ರಶ್ನೆಗೆ ಉತ್ತರ ಇಲ್ಲಿ ಬರೆಯಬೇಕು. ನಲವತ್ತರೊಳಗೆ ಹೋಗುವವರಿಗೆ ಡಿಟೆಕ್ಟರಿನ ಅಗತ್ಯವಿಲ್ಲ, ಮೀರಿ ಹೋಗುವವರನ್ನು ಅದು ಕಾಪಾಡುವುದಿಲ್ಲ. ಸೀರೆ ಅಂಗಡಿ ಎಲ್ಲಿದೆ ಎಂಬುದು ನಮಗೆಲ್ಲ ಮೊದಲೇ ಗೊತ್ತು. ಅದರಿಂದ ನನಗೆ ಸಿಕ್ಕ ಉಪಯೋಗ ಒಂದೇ. ಒಂದು ತಿಂಗಳು ಕೂಗಿದ್ದನ್ನು ನಿಲ್ಲಿಸಿದಾಗ ಎಂಥ ನಿಶ್ಶಬ್ದವಾಗುತ್ತದೆ ಎಂಬುದು ಅದನ್ನು ಇಟ್ಟುಕೊಂಡವನಿಗಲ್ಲದೆ ಬೇರೆಯವರಿಗೆ ಗೊತ್ತಾಗುವುದಿಲ್ಲ. ಅಷ್ಟಕ್ಕಾಗಿ ಕೊಳ್ಳಬೇಕೇ ಎಂಬುದನ್ನು ಸದಸ್ಯರು ತಾವೇ ತೀರ್ಮಾನಿಸಬೇಕು.

ಆ ನಿಶ್ಶಬ್ದದಲ್ಲಿ ಅವರು ಕಿಟಕಿಗೆ ಬಾಗಿ, ಇನ್ನೊಂದು ಬನ್ನು ಕೈಯಲ್ಲಿ ಹಿಡಿದುಕೊಂಡೇ, ಹಾರ್ನು ಹೇಳಿದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಏನು ಹೇಳಿದರೆಂಬುದು ಈ ವರದಿಗೆ ಸಂಬಂಧಪಟ್ಟದ್ದಲ್ಲ. ಹಜಾರದಲ್ಲಿ ಎಲ್ಲರೂ ಗಟ್ಟಿಯಾಗಿ ಕೆಮ್ಮುತ್ತಿದ್ದರು. ನನ್ನ ಗಂಟಲಲ್ಲೂ ಕೆರೆತ ಎದ್ದಿತು. ಎರಡೂ ಕೈಯಲ್ಲಿ ಸ್ಟಿಯರಿಂಗು ಗಟ್ಟಿಯಾಗಿ ಹಿಡಿದುಕೊಂಡೆ, ಕಣ್ಣಲ್ಲಿ ನೀರು ಬಂತು, ಆದರೂ ಕೆಮ್ಮಲಿಲ್ಲ.